ಜಾರುವ ಗಾಲಿ, ಜಾರದ ವಿವೇಕ

ಸೀವುಡ್ಸಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಲ್ಲಿ ಅನೇಕರಿಗೆ ಶನಿವಾರದ ರಾತ್ರಿಯ ನಿದ್ರೆ ಒಮ್ಮೊಮ್ಮೆ ಒಂದು ವಿಚಿತ್ರವಾದ ಸದ್ದಿನಿಂದ ಭಂಗವಾಗುವುದುಂಟು. ಪಾಮ್ ಬೀಚ್ ಮಾರ್ಗದ ಕಡೆಯಿಂದ ಮೊದಲು ಎಂಜಿನ್ನಿನ ಗರ್ಜನೆ, ಬಳಿಕ ಟೈರುಗಳು ಡಾಂಬರನ್ನು ಉಜ್ಜುವ ಕರ್ಕಶ ಚೀತ್ಕಾರ, ಆಮೇಲೆ ಮೌನ. ಆ ಮೌನವೇ ಹೆಚ್ಚು ಭಯ ಹುಟ್ಟಿಸುತ್ತದೆ. ಎರಡು ಕ್ಷಣ ಕಿವಿಗೊಟ್ಟು, ಏನೂ ಒಡೆದ ಸದ್ದು ಕೇಳಿಸದಿದ್ದರೆ, ‘ಸದ್ಯ, ಯಾರ ಮನೆಯ ಮಗನೋ ಉಳಿದ’ ಎಂದುಕೊಂಡು ಮಗ್ಗುಲಾಗುತ್ತೇವೆ.

ಟೋಕಿಯೋ ನಗರದಲ್ಲಿ ಎಂಜಿನಿಯರನಾಗಿರುವ ನನ್ನ ಸೋದರಳಿಯ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದಾಗ ಇಂಥದೇ ಒಂದು ರಾತ್ರಿ ಆ ಸದ್ದು ಕೇಳಿಸಿತು. ಹದಿನೇಳರ ಹರೆಯದ ನನ್ನ ಮಗ ಬಾಲ್ಕನಿಗೆ ಓಡಿ, “ಭಾವ, ಡ್ರಿಫ್ಟ್ ಮಾಡುತ್ತಿದ್ದಾರೆ!” ಎಂದು ಉತ್ಸಾಹದಿಂದ ಕೂಗಿದ. ಅಳಿಯ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. “ಮಾವ, ಇದು ಡ್ರಿಫ್ಟ್ ಅಲ್ಲ. ಡ್ರಿಫ್ಟ್ ಅಂದರೆ ಏನೆಂದು ನಾನು ಕಣ್ಣಾರೆ ಕಂಡು ಬಂದಿದ್ದೇನೆ. ಅಲ್ಲಿ ಯಾರ ತಾಯಿಯೂ ಹೀಗೆ ನಿದ್ದೆಗೆಡುವುದಿಲ್ಲ” ಎಂದ. ಆ ರಾತ್ರಿ ಅವನು ಹೇಳಿದ ಸಂಗತಿಗಳೂ, ಅನಂತರ ಓದಿ ವಿಚಾರಿಸಿ ನಾನು ತಿಳಿದುಕೊಂಡ ವಿಷಯಗಳೂ ಈ ಲೇಖನಕ್ಕೆ ಪ್ರೇರಣೆ. ಆರೋಗ್ಯವೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಷ್ಟೇ ಅಲ್ಲ. ಹರೆಯದ ಮಕ್ಕಳಿರುವ ಮನೆಗಳಲ್ಲಿ ವೇಗವೂ ಒಂದು ಆರೋಗ್ಯದ ಪ್ರಶ್ನೆಯೇ ಆಗಿದೆ.

ಎಬಿಸು ಎಂಬಲ್ಲಿಯ ಜಾತ್ರೆ

ಟೋಕಿಯೋದಿಂದ ಉತ್ತರಕ್ಕೆ, ಫುಕುಶಿಮಾ ಪ್ರಾಂತದ ನಿಹೊನ್‌ಮತ್ಸು ಎಂಬ ಊರಿನ ಗುಡ್ಡಗಳ ನಡುವೆ ಎಬಿಸು ಸರ್ಕ್ಯೂಟ್ ಎಂಬ ಕಾರೋಟದ ಅಂಗಣವಿದೆ. ಅದರ ಮಗ್ಗುಲಲ್ಲೇ ಒಂದು ಸಫಾರಿ ಮೃಗಾಲಯ. ಒಂದೇ ದೊಡ್ಡ ಪಥವಲ್ಲ. ಗುಡ್ಡದ ಇಳಿಜಾರುಗಳಲ್ಲಿ ಹರಡಿಕೊಂಡ ಹಲವು ಚಿಕ್ಕ ಪಥಗಳು ಅಲ್ಲಿವೆ. ವರ್ಷದಲ್ಲಿ ಕೆಲವು ಬಾರಿ ಅಲ್ಲಿ ‘ಡ್ರಿಫ್ಟ್ ಮತ್ಸುರಿ’ ನಡೆಯುತ್ತದೆ. ಜಪಾನೀ ಭಾಷೆಯಲ್ಲಿ ಮತ್ಸುರಿ ಎಂದರೆ ನಮ್ಮ ಜಾತ್ರೆ, ಉತ್ಸವ. ಹೆಸರಿಗೆ ತಕ್ಕಂತೆ ಅದು ಜಾತ್ರೆಯೇ ಹೊರತು ಪಂದ್ಯವಲ್ಲ. ಗೆದ್ದವರಿಲ್ಲ, ಸೋತವರಿಲ್ಲ. ಶುಲ್ಕ ತೆತ್ತವರು ತಮ್ಮ ತಮ್ಮ ಕಾರುಗಳನ್ನು ತಂದು, ಹಗಲೂ ರಾತ್ರಿಯೂ ಮನದಣಿಯೆ ಓಡಿಸಿ ಮರಳುತ್ತಾರೆ.

“ಬಂದವರಲ್ಲಿ ಶ್ರೀಮಂತರು ಕಡಿಮೆ, ಮಾವ” ಎಂದ ಅಳಿಯ. ಗ್ಯಾರೇಜಿನಲ್ಲಿ ದುಡಿಯುವವರು, ಕಾರ್ಖಾನೆಯ ನೌಕರರು, ದೂರದೇಶಗಳಿಂದ ಅದಕ್ಕೆಂದೇ ವಿಮಾನವೇರಿ ಬಂದ ಹವ್ಯಾಸಿಗಳು. ಕಾರುಗಳೂ ಹೊಸವಲ್ಲ, ನಿಸ್ಸಾನ್ ಸಿಲ್ವಿಯಾ, ಟೊಯೋಟಾ ಚೇಸರ್ ಮುಂತಾದ ಹಳೆಯ ಹಿಂಚಾಲನೆಯ ಗಾಡಿಗಳು. ಬಂಪರು ಕಳಚಿದ್ದರೆ ಪಟ್ಟಿ ಕಟ್ಟಿ ಮತ್ತೆ ಪಥಕ್ಕಿಳಿಯುತ್ತಾರೆ. ಒಬ್ಬನ ಟೈರು ಸವೆದರೆ ಅಪರಿಚಿತನಾದ ಮತ್ತೊಬ್ಬ ಜಾಕಿ ಹಿಡಿದು ನೆರವಿಗೆ ಬರುತ್ತಾನೆ. ಹೆಂಡಿರು ಮಕ್ಕಳು ಕಂಬಳಿ ಹಾಸಿ ಕುಳಿತು ತಿಂಡಿ ತಿನ್ನುತ್ತ ನೋಡುತ್ತಾರೆ. ಸುಟ್ಟ ರಬ್ಬರಿನ ಹೊಗೆ ಮಂಜಿನಂತೆ ಗುಡ್ಡವನ್ನು ಕವಿದಿರುತ್ತದೆ.

ಆದರೆ ಹೊರಗಿನಿಂದ ಸ್ವೇಚ್ಛೆಯಂತೆ ಕಾಣುವ ಈ ಆಟದ ಒಳಗೆ ಕಟ್ಟುನಿಟ್ಟಾದ ಶಿಸ್ತಿದೆ. ಶಿರಸ್ತ್ರಾಣವಿಲ್ಲದೆ ಪಥಕ್ಕೆ ಪ್ರವೇಶವಿಲ್ಲ. ಎಲ್ಲ ಕಾರುಗಳೂ ಒಂದೇ ದಿಕ್ಕಿನಲ್ಲಿ ಚಲಿಸಬೇಕು. ಪ್ರೇಕ್ಷಕರ ಸ್ಥಳ ಬೇರೆ, ಓಟದ ಸ್ಥಳ ಬೇರೆ. ಹೊಸಬರು ಸುಲಭದ ಪಥದಲ್ಲಿ ಪಳಗಿದ ಮೇಲಷ್ಟೇ, ಕಾಂಕ್ರೀಟ್ ಗೋಡೆಯ ಅಂಚಿಗೆ ಕಾರು ಹಾರಿ ಬರುವ ಕಠಿಣ ಪಥದತ್ತ ಹೋಗುತ್ತಾರೆ. 2021ರ ಫೆಬ್ರವರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಗುಡ್ಡ ಕುಸಿದು ಈ ಅಂಗಣದ ಒಂದು ಭಾಗ ಮಣ್ಣಿನಡಿ ಹೂತುಹೋಯಿತು. ಆದರೂ ಅಲ್ಲಿಯ ಜನ ಎದೆಗುಂದದೆ ಉತ್ಸವವನ್ನು ಮತ್ತೆ ನಡೆಸಿದರು.

ಜಾರುವುದರ ಹಿಂದಿನ ಶಾಸ್ತ್ರ

ಡ್ರಿಫ್ಟ್ ಎಂದರೇನು? ಕಾರು ತಿರುವಿನಲ್ಲಿ ಸಾಗುವಾಗ ಅದನ್ನು ಪಥದ ಮೇಲೆ ಹಿಡಿದಿಡುವುದು ಟೈರು ಮತ್ತು ನೆಲದ ನಡುವಣ ಘರ್ಷಣೆ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು ಮಾತ್ರ. ಅಂಥ ನಾಲ್ಕು ಅಂಗೈಗಳ ಹಿಡಿತದ ಮೇಲೆ ಒಂದು ಟನ್ನಿಗೂ ಮೀರಿದ ಭಾರ ನಿಂತಿರುತ್ತದೆ. ಕ್ಲಚ್ಚನ್ನು ಹಠಾತ್ತನೆ ಬಿಟ್ಟೋ, ಹ್ಯಾಂಡ್‌ಬ್ರೇಕನ್ನು ಸೆಳೆದೋ ಹಿಂದಿನ ಎರಡು ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿದರೆ ಕಾರಿನ ಬೆನ್ನು ಹೊರಕ್ಕೆ ಜಾರುತ್ತದೆ. ಆಗ ಚಾಲಕ ಸ್ಟೀಯರಿಂಗನ್ನು ತಿರುವಿಗೆ ವಿರುದ್ಧವಾಗಿ ತಿರುಗಿಸಿ, ಪೆಟ್ರೋಲಿನ ಪೆಡಲನ್ನು ಹದವಾಗಿ ಒತ್ತುತ್ತ, ಓರೆಯಾಗಿಯೇ ಕಾರನ್ನು ಮುನ್ನಡೆಸುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಾರುತ್ತಿರುವ ಟೈರಿನ ಹಿಡಿತ, ಉರುಳುತ್ತಿರುವ ಟೈರಿನ ಹಿಡಿತಕ್ಕಿಂತ ಕಡಿಮೆ. ಆದಕಾರಣ ಜಾರುವ ಗಾಡಿಯನ್ನು ಬೇಕೆಂದ ಕ್ಷಣದಲ್ಲಿ ನಿಲ್ಲಿಸಲು ಬಾರದು. ಅಂಗಣದಲ್ಲಿ ಇದು ದೊಡ್ಡ ದೋಷವಲ್ಲ. ಏಕೆಂದರೆ ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಹಾಲಿನ ವ್ಯಾನು ಬರುತ್ತದೆ, ರಾತ್ರಿ ಪಾಳಿ ಮುಗಿಸಿದ ಕಾವಲುಗಾರ ಸೈಕಲ್ಲಿನಲ್ಲಿ ಬರುತ್ತಾನೆ. ಜೂನ್ ತಿಂಗಳ ಮಳೆಯಲ್ಲಿ ನೆನೆದ ರಸ್ತೆಯಂತೂ ಹೇಳಿ ಕೇಳಿ ಜಾರುಬಂಡೆ.

ಬೆಟ್ಟದ ದಾರಿಯಿಂದ ಅಂಗಣಕ್ಕೆ

ಈ ಕಲೆ ಹುಟ್ಟಿದ್ದು ಜಪಾನಿನಲ್ಲಿ, 1970ರ ದಶಕದಲ್ಲಿ. ಕಾರೋಟದ ಪಂದ್ಯಗಳಲ್ಲಿ ತಿರುವುಗಳನ್ನು ಹೀಗೆ ಜಾರುತ್ತ ದಾಟಿ ಪ್ರೇಕ್ಷಕರನ್ನು ಬೆರಗುಗೊಳಿಸಿದವರು ಕುನಿಮಿತ್ಸು ತಕಹಾಶಿ. ಅವರು ಮೊದಲು ಮೋಟಾರ್ ಸೈಕಲ್ ಸವಾರರು. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಗೆದ್ದು, ಗ್ರ್ಯಾಂಡ್ ಪ್ರೀ ಮೋಟಾರ್ ಸೈಕಲ್ ಪಂದ್ಯ ಗೆದ್ದ ಮೊದಲ ಜಪಾನೀಯರೆನಿಸಿದರು. ಮರುವರ್ಷವೇ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ವೇಗದ ಬೆಲೆಯನ್ನು ಮೈಯಲ್ಲಿ ಅರಿತವರೇ ಅದರ ಕಲೆಯನ್ನೂ ಕಲಿಸಿದರೆಂಬುದು ಮನನೀಯ. ಅವರು 2022ರಲ್ಲಿ ತೀರಿಕೊಂಡರು.

ತಕಹಾಶಿಯವರನ್ನು ಕಂಡು ಸ್ಫೂರ್ತಿಗೊಂಡ ಕೇಯಿಚಿ ತ್ಸುಚಿಯಾ ಎಂಬ ತರುಣ ಬೆಟ್ಟದ ಹಾವು-ಬಳುಕಿನ ದಾರಿಗಳಲ್ಲಿ ಅದನ್ನು ಅಭ್ಯಾಸ ಮಾಡಿದರು. 1987ರಲ್ಲಿ ಅವರ ಚಾಲನೆಯ ಒಂದು ವಿಡಿಯೋ ಚಿತ್ರ ಹೊರಬಂದು ದೇಶದ ಹರೆಯದವರನ್ನೆಲ್ಲ ಮರುಳು ಮಾಡಿತು. ಪರಿಣಾಮವಾಗಿ ಬೆಟ್ಟದ ದಾರಿಗಳಲ್ಲಿ ರಾತ್ರಿಯ ಓಟಗಳು ಹೆಚ್ಚಿದವು. ಇಂದು ನಾವು ಪಾಮ್ ಬೀಚ್ ಮಾರ್ಗದಲ್ಲಿ ಕಾಣುತ್ತಿರುವ ಪಿಡುಗನ್ನು ಜಪಾನ್ ಅಂದೇ ಕಂಡಿತ್ತು. ಆದರೆ ಆ ಸಮಾಜ ದಂಡನೆಯೊಂದನ್ನೇ ನೆಚ್ಚಲಿಲ್ಲ. ಆಟಕ್ಕೆ ಅಂಗಣ ಒದಗಿತು, ನಿಯಮ ಒದಗಿತು. 2001ರಿಂದ ‘ಡಿ-1’ ಎಂಬ ವೃತ್ತಿಪರ ಸ್ಪರ್ಧಾಸರಣಿ ನಡೆದುಬಂದಿತು. 2017ರಲ್ಲಿ ಟೋಕಿಯೋದಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಆಶ್ರಯದಲ್ಲೇ ಡ್ರಿಫ್ಟ್ ಸ್ಪರ್ಧೆ ಜರುಗಿತು.

ನಮ್ಮ ಕಾಫಿ ತೋಟಗಳ ನಡುವೆ

‘ಇದೆಲ್ಲ ಪರದೇಶದ ಮಾತು, ನಮಗೇನು?’ ಎನ್ನುವವರಿಗೆ ಒಂದು ಮಾತು. ಜಾರುವ ಚಾಲನೆಯ ಸೊಗಸನ್ನು ನಮ್ಮ ಚಿಕ್ಕಮಗಳೂರಿನ ಜನ ಮನೆಯಂಗಳದಲ್ಲೇ ಕಂಡಿದ್ದಾರೆ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು 2016 ಮತ್ತು 2017ರಲ್ಲಿ ಅಲ್ಲಿಯ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ನಡೆಯಿತು. ಆ ಎರಡೂ ವರ್ಷಗಳ ಚಾಂಪಿಯನ್ ಆದವರು ದೆಹಲಿಯ ಗೌರವ್ ಗಿಲ್. ಮೋಟಾರು ಕ್ರೀಡೆಗಾಗಿ ಅರ್ಜುನ ಪ್ರಶಸ್ತಿ ಪಡೆದ ಮೊದಲಿಗರೂ ಅವರೇ, ಅದು 2019ರಲ್ಲಿ. ಸಿಲ್ವರ್ ಓಕ್ ಮರಗಳ ನಡುವೆ, ಕೆಂಪು ಧೂಳೆಬ್ಬಿಸುತ್ತ, ಓರೆಯಾಗಿ ಬಂದು ತಿರುವಿನಲ್ಲಿ ಮಾಯವಾಗುವ ಕಾರನ್ನು ನೋಡುವುದು ರೋಮಾಂಚಕವೇ ಸರಿ. ಆದರೆ ಆ ದಾರಿಯನ್ನು ಮೊದಲೇ ಮುಚ್ಚಿರುತ್ತಾರೆ, ಸ್ಪರ್ಧಿಗಳಿಗಿಂತ ಮುಂಚೆ ಪರೀಕ್ಷೆಯ ಕಾರೊಂದು ಸಾಗುತ್ತದೆ, ಪಕ್ಕದಲ್ಲಿ ಕುಳಿತ ಸಹಚಾಲಕ ಪ್ರತಿ ತಿರುವನ್ನೂ ಮುಂಚಿತವಾಗಿ ಓದಿ ಹೇಳುತ್ತಾನೆ, ಆಂಬುಲೆನ್ಸು ಸಿದ್ಧವಾಗಿರುತ್ತದೆ.

ಇಷ್ಟಿದ್ದರೂ ಅಪಾಯ ಪೂರ್ಣವಾಗಿ ನೀಗುವುದಿಲ್ಲ. 2019ರಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರ‍್ಯಾಲಿಯ ದಾರಿಗೆ ಮೋಟಾರ್ ಸೈಕಲ್ಲೊಂದು ಬಂದು, ಒಂದೇ ಕುಟುಂಬದ ಮೂವರು ಅಸುನೀಗಿದರು. 2023ರ ಆಗಸ್ಟಿನಲ್ಲಿ ಚೆನ್ನೈ ಹೊರವಲಯದ ಇರುಂಗಾಟುಕೋಟೈ ಅಂಗಣದಲ್ಲಿ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಬಾಲ ಸವಾರನೊಬ್ಬ ಬಿದ್ದು ಪ್ರಾಣ ಕಳೆದುಕೊಂಡ. ಬೆಂಗಳೂರಿನವರೇ ಆದ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬಿದ್ದಾಗ ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದಿನ ಆಸ್ಪತ್ರೆಗೆ ಒಯ್ದು, ಔಷಧದಿಂದ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ನೀಡಲಾಯಿತು. ಅವರು ಬದುಕಿ ತಾಯ್ನಾಡಿಗೆ ಮರಳಿದರು. ಉತ್ತಮ ಶಿರಸ್ತ್ರಾಣ, ನುರಿತ ಅಭ್ಯಾಸ, ಹೆಲಿಕಾಪ್ಟರ್ ಎಲ್ಲವೂ ಇದ್ದವರ ಸ್ಥಿತಿಯೇ ಹೀಗಾದರೆ, ನಡುರಾತ್ರಿ ಬರಿದಲೆಯಲ್ಲಿ ಪಾಮ್ ಬೀಚ್ ಮಾರ್ಗದಲ್ಲಿ ಬಿದ್ದವನ ಗತಿಯೇನು?

ವೇಗವೆಂದರೆ ಎತ್ತರ

ವೇಗದ ಅಪಾಯ ನಮ್ಮ ಮನಸ್ಸಿಗೆ ಸುಲಭವಾಗಿ ನಾಟದಿರಲು ಕಾರಣ, ಅದು ಕಣ್ಣಿಗೆ ಕಾಣದಿರುವುದು. ಎತ್ತರವಾದರೆ ಕಾಣುತ್ತದೆ. ಆದ್ದರಿಂದ ವೇಗವನ್ನು ಎತ್ತರಕ್ಕೆ ಪರಿವರ್ತಿಸಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಅಪ್ಪಳಿಸುವುದೂ ಸುಮಾರು 14 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ಅಂತಸ್ತಿಗೆ 3 ಮೀಟರ್ ಎಂದಿಟ್ಟುಕೊಂಡರೆ ಅದು ನಾಲ್ಕೂವರೆ ಅಂತಸ್ತು. ವೇಗ 120ಕ್ಕೆ ಏರಿದರೆ ಎತ್ತರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ: ಸುಮಾರು 57 ಮೀಟರ್, ಅಂದರೆ ಹತ್ತೊಂಬತ್ತನೆಯ ಅಂತಸ್ತು! ನಮ್ಮ ಸೀವುಡ್ಸಿನ ಗಗನಚುಂಬಿ ಕಟ್ಟಡವೊಂದರ ಹತ್ತೊಂಬತ್ತನೆಯ ಅಂತಸ್ತಿನ ಬಾಲ್ಕನಿಯ ಕಟಾಂಜನದ ಮೇಲೆ ಮಗ ನಡೆಯುತ್ತಿದ್ದರೆ ಯಾವ ತಂದೆ ತಾಯಿ ಸುಮ್ಮನಿರುವರು?

ಇನ್ನೊಂದು ಲೆಕ್ಕ. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬರಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಸೆಕೆಂಡಿನಲ್ಲಿ ಗಾಡಿ 28 ಮೀಟರ್ ಸಾಗಿರುತ್ತದೆ. ಬ್ರೇಕು ಹಿಡಿಯಲು ಆರಂಭಿಸುವುದೇ ಅಲ್ಲಿಂದ ಮುಂದೆ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 100ಕ್ಕೆ 71 ಮಂದಿಯ ಸಾವಿಗೆ ಕಾರಣ ಅತಿವೇಗ.

ಮೆದುಳೆಂಬ ಮೃದುವಸ್ತು

ನಮ್ಮ ಮೆದುಳು ಸುಮಾರು 1.4 ಕಿಲೋಗ್ರಾಂ ತೂಕದ, ಬೆಣ್ಣೆಯಂತೆ ಮೃದುವಾದ ಅಂಗ. ತಲೆಬುರುಡೆಯೊಳಗೆ ದ್ರವದಲ್ಲಿ ಅದು ತೇಲಿಕೊಂಡಿದೆ. ತಲೆ ಹಠಾತ್ತನೆ ನಿಂತರೂ ಒಳಗಿನ ಮೆದುಳು ನಿಲ್ಲುವುದಿಲ್ಲ. ಮುಂದಿನ ಗೋಡೆಗೆ ಬಡಿದು, ಮರಳಿ ಹಿಂದಿನ ಗೋಡೆಗೆ ಬಡಿಯುತ್ತದೆ. ತಲೆ ಹೊರಳಿದಾಗ ಒಳಗಿನ ಸೂಕ್ಷ್ಮ ನರತಂತುಗಳು ಎಳೆದು ಹರಿಯುತ್ತವೆ. ಹೊರಗೆ ಒಂದು ಗೀರೂ ಇಲ್ಲದಿರಬಹುದು. ಕೆಲವೊಮ್ಮೆ ಬುರುಡೆಯ ಒಳಭಾಗದಲ್ಲಿ ರಕ್ತ ನಿಧಾನವಾಗಿ ಸ್ರವಿಸುತ್ತಿದ್ದು, ಬಿದ್ದವನು ಎದ್ದು ಕುಳಿತು ಮಾತನಾಡಿ, ‘ನನಗೇನೂ ಆಗಿಲ್ಲ’ ಎಂದು ಮನೆಗೆ ಹೋಗಿ, ಗಂಟೆಗಳ ಬಳಿಕ ಪ್ರಜ್ಞೆ ತಪ್ಪುವುದುಂಟು. ತಲೆಗೆ ಪೆಟ್ಟು ಬಿದ್ದವರಿಗೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನಮ್ಮ ಪಕ್ಕದ ಕಟ್ಟಡದಲ್ಲಿ ಧಾರವಾಡ ಕಡೆಯ ಒಂದು ಕುಟುಂಬವಿದೆ. ಅವರ ಹತ್ತೊಂಬತ್ತು ವರ್ಷದ ಮಗ ಒಂದು ರಾತ್ರಿ ಗೆಳೆಯನ ಬೈಕಿನ ಹಿಂದೆ ಕುಳಿತು ಹೋದ. ಓಡಿಸಿದವನು ಅವನಲ್ಲ, ಆಸೆಪಟ್ಟವನೂ ಅವನಲ್ಲ, ಕರೆದಾಗ ಬಾರೆನೆನ್ನಲು ಸಂಕೋಚಪಟ್ಟ, ಅಷ್ಟೆ. ಮೂರು ವಾರ ಪ್ರಜ್ಞೆಯಿಲ್ಲದೆ ಮಲಗಿದ್ದ. ಈಗ ನಡೆದಾಡುತ್ತಾನೆ. ಆದರೆ ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ, ಸಣ್ಣ ಮಾತಿಗೆ ಸಿಟ್ಟಾಗುತ್ತಾನೆ, ಓದು ನಿಂತಿದೆ. ಅವನನ್ನು ನೋಡಿಕೊಳ್ಳಲು ತಾಯಿ ನೌಕರಿ ಬಿಟ್ಟಿದ್ದಾರೆ. “ಅಣ್ಣಾರ, ಮಗಾ ಉಳದ, ಅದು ದೇವರ ದಯಾ. ಆದ್ರ ಮೊದಲಿನ ಮಗಾ ತಿರುಗಿ ಬರಲಿಲ್ರಿ” ಎಂದು ಆ ತಾಯಿ ಒಮ್ಮೆ ನನ್ನೊಡನೆ ಹೇಳಿದರು. ಅಂಕಿಸಂಖ್ಯೆಗಳಲ್ಲಿ ‘ಗಾಯಾಳು’ ಎಂಬ ಒಂದೇ ಪದವಾಗಿ ಮುಗಿಯುವ ಬಾಳಿನ ಹಿಂದೆ ಇಂಥ ಮನೆಗಳಿರುತ್ತವೆ.

ಹರೆಯದ ಮನಸ್ಸು

ಮಕ್ಕಳನ್ನು ಬೈಯುವ ಮುನ್ನ ಅವರ ಮನಸ್ಸನ್ನು ಅರಿಯಬೇಕು. ಮೆದುಳಿನಲ್ಲಿ ಮುಂದಾಲೋಚನೆಗೂ ಸಂಯಮಕ್ಕೂ ಆಶ್ರಯವಾದ ಹಣೆಯ ಹಿಂದಿನ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯದ ಮಧ್ಯಭಾಗದಲ್ಲಿ. ಆದರೆ ಸುಖವನ್ನೂ ರೋಮಾಂಚವನ್ನೂ ಬಯಸುವ ಭಾಗ ಅದಕ್ಕೂ ಮುಂಚೆಯೇ ಚುರುಕಾಗಿರುತ್ತದೆ. ಎಂಜಿನ್ ಬಲಿಷ್ಠ, ಬ್ರೇಕು ಎಳೆಯದು ಎಂದರೆ ಸರಿಹೋದೀತು. ಅದರಲ್ಲೂ ಸಂಗಡಿಗರು ನೋಡುತ್ತಿದ್ದರೆ ಸಾಹಸದ ಹಂಬಲ ಇಮ್ಮಡಿಸುತ್ತದೆ. ಈಗಂತೂ ಜೇಬಿನ ಫೋನಿನ ಮೂಲಕ ಲೋಕವೇ ನೋಡುವ ಸಂಗಡಿಗನಾಗಿದೆ. 2024ರ ಆಗಸ್ಟಿನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ವ್ಹೀಲಿ ಮಾಡುತ್ತಿದ್ದ ಹುಡುಗರ ಕಾಟಕ್ಕೆ ರೋಸಿಹೋದ ಜನ ಅವರ ಸ್ಕೂಟರುಗಳನ್ನೇ ಮೇಲ್ಸೇತುವೆಯಿಂದ ಕೆಳಕ್ಕೆಸೆದರು. ಜನರ ಸಿಟ್ಟು ಅರ್ಥವಾಗುವಂಥದೇ. ಆದರೆ ಅದರಿಂದ ಹುಡುಗರ ಚಪಲ ಅಡಗಲಾರದು.

ನಮ್ಮ ಕರಾವಳಿಯ ಕಂಬಳವನ್ನೇ ನೋಡಿ. ಕೆಸರಿನಲ್ಲಿ ಕೋಣಗಳೊಡನೆ ಓಡುವುದೂ ಅಪಾಯದ ಆಟವೇ. ಆದರೆ ಅದಕ್ಕೊಂದು ಗದ್ದೆ, ಒಂದು ಕಾಲ, ಒಂದು ಕ್ರಮ, ನೋಡುವ ಹಿರಿಯರು ಇದ್ದಾರೆ. ಗದ್ದೆಯ ಕೋಣ ಪೇಟೆಬೀದಿಗೆ ನುಗ್ಗಿದರೆ ಅದನ್ನು ಯಾರೂ ಕಂಬಳವೆನ್ನುವುದಿಲ್ಲ.

ತಿಳಿದಿರಬೇಕಾದ ಕೆಲವು ವಿಷಯಗಳು

ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಬರಬಹುದು. ಆ ಮಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸು ಸಿಗದು.

ಒಳ್ಳೆಯ ಹೆಲ್ಮೆಟ್ಟು ಬೈಕ್ ಸವಾರನ ಸಾವಿನ ಸಂಭವವನ್ನು 100ಕ್ಕೆ 42ರಷ್ಟೂ, ತಲೆಯ ಗಾಯದ ಸಂಭವವನ್ನು 69ರಷ್ಟೂ ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಐ.ಎಸ್.ಐ. ಮುದ್ರೆಯಿರುವುದನ್ನೇ ಕೊಂಡು, ಗಲ್ಲದ ಪಟ್ಟಿಯನ್ನು ಬಿಗಿದರಷ್ಟೇ ಅದು ಹೆಲ್ಮೆಟ್ಟು, ಇಲ್ಲವಾದರೆ ಟೊಪ್ಪಿಗೆ. ಹಿಂಬದಿಯ ಸವಾರನಿಗೂ ಅದು ಅಷ್ಟೇ ಅಗತ್ಯ.

ಅಪಘಾತವನ್ನು ಕಂಡರೆ ಮೊದಲು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು. ಗಾಯಾಳುವನ್ನು ಎಳೆದಾಡಬಾರದು, ಕುತ್ತಿಗೆಯನ್ನು ಅಲುಗಿಸಬಾರದು, ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಕೀಳಬಾರದು, ನೀರು ಕುಡಿಸಬಾರದು. ರಕ್ತ ಹರಿಯುವಲ್ಲಿ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಪೊಲೀಸರ ಭಯದಿಂದ ಹಿಂಜರಿಯಬೇಕಾಗಿಲ್ಲ. ನೆರವಾದವರಿಗೆ ತೊಂದರೆ ಕೊಡಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿಹಿಡಿದ ನಿಯಮಗಳಿವೆ. 2019ರ ತಿದ್ದುಪಡಿಯೂ ಅವರಿಗೆ ರಕ್ಷಣೆ ನೀಡಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರಕಾರ 2025ರಲ್ಲಿ ಜಾರಿಗೆ ತಂದಿದೆ.

ಕೊನೆಯ ಮಾತು

ಅಳಿಯ ಜಪಾನಿಗೆ ಮರಳುವ ಮುನ್ನ ನನ್ನ ಮಗನನ್ನು ಒಂದು ಭಾನುವಾರ ಗೋ-ಕಾರ್ಟ್ ಅಂಗಣಕ್ಕೆ ಕರೆದೊಯ್ದ. ನಾನೂ ಹೋಗಿದ್ದೆ. ತಲೆಗೆ ಹೆಲ್ಮೆಟ್ಟು ತೊಟ್ಟು, ಮೂರನೆಯ ಸುತ್ತಿನಲ್ಲಿ ಗಾಡಿಯನ್ನು ಜಾರಿಸಿ, ಟೈರುಗಳ ಬೇಲಿಗೆ ತಾಗಿಸಿ, ನಗುತ್ತ ಹೊರಬಂದ. ಮನೆಗೆ ಬರುವ ದಾರಿಯಲ್ಲಿ ಬಹಳ ಹೊತ್ತು ಮೌನವಾಗಿದ್ದು ಕೊನೆಗೆ, “ಅಪ್ಪಾ, ಇಷ್ಟು ನಿಧಾನದ ಗಾಡಿಯೇ ನನ್ನ ಕೈಗೆ ಹತ್ತಲಿಲ್ಲವಲ್ಲ” ಎಂದ. ನೂರು ಉಪದೇಶಗಳಿಂದ ಆಗದಿದ್ದ ಅರಿವು ಆ ಹತ್ತು ನಿಮಿಷಗಳಲ್ಲಿ ಆಗಿತ್ತು. ಬೈಕ್ ಬೇಕೆಂಬ ಹಟವನ್ನು ಅವನು ಬಿಟ್ಟಿದ್ದಾನೆಂದು ಹೇಳಲಾರೆ. ಹದಿನೆಂಟು ತುಂಬಿ ಲೈಸನ್ಸು ಬರುವವರೆಗೆ ಕಾಯುವೆನೆಂದು ಮಾತು ಕೊಟ್ಟಿದ್ದಾನೆ. ಕರೆದವರ ಗಾಡಿಯ ಹಿಂದೆ ಕೂರಲು ಒಲ್ಲೆನೆಂದು ಹೇಳುವುದನ್ನೂ ಕಲಿತಿದ್ದಾನೆ.

ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಒಳ್ಳೆಯ ಶಾಲೆ, ಒಳ್ಳೆಯ ಮನೆ ಒದಗಿಸಲು ಹೆಣಗಿದ್ದೇವೆ. ಅವರ ಹರೆಯದ ಹುಮ್ಮಸ್ಸಿಗೆ ಒಂದು ಅಂಗಣವನ್ನು ಒದಗಿಸುವ ವಿಚಾರ ನಮಗೆ ಹೊಳೆದಿಲ್ಲ. ನಮ್ಮ ಸಂಘಗಳು ನಾಡಹಬ್ಬ, ರಾಜ್ಯೋತ್ಸವಗಳ ಜೊತೆಗೆ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ, ತರುಣರಿಗೆ ಸುರಕ್ಷಿತ ಚಾಲನೆಯ ಶಿಬಿರವನ್ನೂ ಏರ್ಪಡಿಸಿದರೆ ಅದು ಸಾರ್ಥಕ ಸೇವೆಯಾದೀತು. ಗಾಲಿ ಜಾರಿದರೆ ಅಂಗಣ ತಡೆದೀತು. ವಿವೇಕ ಜಾರಿದರೆ ತಡೆಯುವವರಿಲ್ಲ. ಶನಿವಾರದ ರಾತ್ರಿಗಳಲ್ಲಿ ನಮ್ಮ ನಿಮ್ಮೆಲ್ಲರ ಮನೆಯ ಮಕ್ಕಳು ಹೊತ್ತಿಗೆ ಸರಿಯಾಗಿ ಮನೆ ಸೇರಲೆಂದು ಹಾರೈಸುತ್ತೇನೆ.